ಡಬ್ಬಿ ಸಮೇತ ಬೇಯಿಸಿದ ಗಿಣ್ಣು

ನಾನು ಜಪಾನಿಗೆ ಹೋಗಿ ಬಂದವಳೆಂದು ತಿಳಿದ ಕೂಡಲೇ ಜನ ಕೇಳುವುದು ಅಲ್ಲಿನ ಬಾಣದಂತೆ ಓಡುವ ರೈಲಿನ ವಿಷಯ. ಅದರಲ್ಲಿ ಕೂತದ್ದು ನಿಜ. ಆದರೆ ಕೂತ ಐದೇ ನಿಮಿಷಕ್ಕೆ ನಿದ್ದೆ ಹೋಗಿದ್ದೆ. ನನಗೆ ಚೆನ್ನಾಗಿ ಗೊತ್ತಿರುವ ಜಪಾನು ಎಂದರೆ ಬೆಟ್ಟದ ಬುಡದಲ್ಲಿರುವ ಒಂದು ಹಳ್ಳಿ, ಆ ಹಳ್ಳಿಯ ಒಂದು ಮನೆ, ಆ ಮನೆಯ ಅಡಿಗೆಮನೆ. ಆ ಅಡಿಗೆಮನೆಗೆ ನಾನು ಮಾಡಿದ ಉಪಕಾರವನ್ನು ಇಷ್ಟು ದಿನ ಮನೆಮಂದಿಯ ಮುಂದೆ ಮಾತ್ರ ಹೇಳಿಕೊಂಡಿದ್ದೆ. ಈಗ ಎಲ್ಲರಿಗೂ ಹೇಳಿಬಿಡುತ್ತೇನೆ. ನಗುವವರು ನಗಲಿ, ನಾನೂ ನಕ್ಕಾಗಿದೆ.

ತಾಯಲೂರು

ನಮ್ಮದು ಮುಳಬಾಗಿಲು ತಾಲ್ಲೂಕು, ತಾಯಲೂರಿನ ಪಕ್ಕದ ಹಳ್ಳಿ. ರಾಗಿ, ಒಂದಿಷ್ಟು ತರಕಾರಿ, ಎರಡು ಎಕರೆ ಹಿಪ್ಪುನೇರಳೆ. ಹೊಲ ಯಜಮಾನರದು, ರೇಷ್ಮೆ ಹುಳು ನನ್ನದು. ಎಂಬತ್ತರ ದಶಕದ ಆ ವರ್ಷಗಳಲ್ಲಿ ರೇಷ್ಮೆ ಇಲಾಖೆಯವರು ಒಳ್ಳೆಯ ಗೂಡು ತೆಗೆದ ಬೆಳೆಗಾರರನ್ನು ಆರಿಸಿ, ಹೊಸ ರೀತಿಯಲ್ಲಿ ಹುಳು ಸಾಕುವುದನ್ನು ನೋಡಿಕೊಂಡು ಬರಲಿ ಎಂದು ಒಂದು ತಿಂಗಳ ಮಟ್ಟಿಗೆ ಜಪಾನಿಗೆ ಕಳಿಸಿದರು. ನಮ್ಮ ಜಿಲ್ಲೆಯಿಂದ ಎಂಟು ಜನ ಹೊರಟೆವು. ಅದರಲ್ಲಿ ಹೆಂಗಸರು ಇಬ್ಬರೇ. ಒಬ್ಬಳು ನಾನು, ಸರೋಜಮ್ಮ. ಇನ್ನೊಬ್ಬರು ವೇಮಗಲ್ ಕಡೆಯ ಮುನಿವೆಂಕಟಮ್ಮ.

ಮುನಿವೆಂಕಟಮ್ಮನಿಗೆ ಆಗಲೇ ಐವತ್ತು ದಾಟಿತ್ತು. ಓದು ಬರಹ ಬಾರದು. ಆದರೆ ಹುಳುವನ್ನು ಅಂಗೈ ಮೇಲೆ ಇಟ್ಟುಕೊಂಡು ಇದು ನಾಳೆ ಸೊಪ್ಪು ತಿನ್ನುತ್ತೋ, ಜ್ವರಕ್ಕೆ ಕೂರುತ್ತೋ ಎಂದು ಹೇಳುತ್ತಿದ್ದರು. ಹುಳು ತಿನ್ನುವುದು ಬಿಟ್ಟು ಪೊರೆ ಕಳಚಲು ಸುಮ್ಮನೆ ಕೂರುತ್ತದಲ್ಲ, ಅದನ್ನು ನಾವು ಜ್ವರ ಎನ್ನುತ್ತೇವೆ. ನಾನು ಎಸ್ಸೆಸ್ಸೆಲ್ಸಿ ಪಾಸಾದವಳು. ಹಾಗಾಗಿ ದಾರಿಯುದ್ದಕ್ಕೂ ಓದುವ ಕೆಲಸ ನನ್ನದು, ಧೈರ್ಯ ಹೇಳುವ ಕೆಲಸ ಅವರದು ಎಂದು ಹಂಚಿಕೊಂಡೆವು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ.

ಅಕ್ಕ ಕೋಲಾರದ ಬಸ್‌ಸ್ಟ್ಯಾಂಡಿಗೆ ಬಂದಾಗ ಕಂಕುಳಲ್ಲಿ ಒಂದು ಬಟ್ಟೆಯ ಗಂಟು.

"ಏನಕ್ಕಾ ಇದು?"

"ರಾಗಿಹಿಟ್ಟು ಕಣೇ. ಒಂದ್ ತಿಂಗ್ಳು ಬರೀ ಅನ್ನ ತಿಂದ್ಕಂಡು ಮನುಷ್ಯ ಬದುಕ್ತಾನಾ?"

ನಾನೂ ಕಡಿಮೆಯೇನಲ್ಲ. ಹುಣಿಸೆಹಣ್ಣು, ಹುರಿದ ಹುಚ್ಚೆಳ್ಳು, ಸಾರಿನ ಪುಡಿ ಎಲ್ಲವನ್ನೂ ಹಳೆ ಪೇಪರಿನಲ್ಲಿ ಪೊಟ್ಟಣ ಕಟ್ಟಿ ಪೆಟ್ಟಿಗೆ ತುಂಬಿದ್ದೆ. ಆಗ ನಮ್ಮ ಕಡೆ ಪೊಟ್ಟಣವೆಂದರೆ ಅಷ್ಟೇ: ಹಳೆ ಪೇಪರು, ಮೇಲೊಂದು ದಾರ. ಅಂಗಡಿಯಿಂದ ತಂದ ಕೂಡಲೇ ದಾರ ಬಿಚ್ಚಿ ಉಂಡೆಗೆ ಸುತ್ತುವುದು, ಪೇಪರನ್ನು ಕೊಡವಿ ಮಡಿಸಿಡುವುದು, ಸಾಮಾನನ್ನು ಡಬ್ಬಿಗೆ ಸುರಿಯುವುದು. ನಮ್ಮತ್ತೆಯ ದಾರದ ಉಂಡೆ ತೆಂಗಿನಕಾಯಿಯಷ್ಟು ದಪ್ಪವಾಗಿತ್ತು. ಯಾವುದನ್ನು ಬಿಚ್ಚಬೇಕು, ಯಾವುದನ್ನು ಬಿಚ್ಚಬಾರದು ಎಂದು ಯೋಚಿಸುವ ಪ್ರಮೇಯವೇ ಅದುವರೆಗೆ ನನಗೆ ಬಂದಿರಲಿಲ್ಲ.

ವಿಮಾನದಲ್ಲಿ ಒಂದು ಲೋಟ ಟೀ

ಮೊದಲ ಪ್ರಮೇಯ ಆಕಾಶದಲ್ಲಿ ಬಂತು. ಗಗನಸಖಿ ತಂದುಕೊಟ್ಟ ಬಿಸಿನೀರಿನ ಲೋಟದ ಪಕ್ಕ ದಾರ ಕಟ್ಟಿದ ಪುಟ್ಟ ಚೀಲವೊಂದಿತ್ತು. ದಾರ ಕಂಡ ಮೇಲೆ ಕೇಳಬೇಕೇ? ನಾನು ದಾರ ಕಿತ್ತು ಬೆರಳಿಗೆ ಸುತ್ತಿಕೊಂಡೆ, ಚೀಲ ಹರಿದು ಟೀಪುಡಿಯನ್ನು ನೀರಿಗೆ ಸುರಿದೆ. ಅಕ್ಕ ನನ್ನನ್ನೇ ನೋಡಿ ಹಾಗೇ ಮಾಡಿದರು. ಸೋಸುವುದಕ್ಕೆ ಏನೂ ಇರಲಿಲ್ಲ. ಅಕ್ಕ ಸೆರಗಿನ ಅಂಚನ್ನು ಲೋಟದ ಬಾಯಿಗೆ ಹಿಡಿದು ಇನ್ನೊಂದು ಲೋಟಕ್ಕೆ ಬಗ್ಗಿಸತೊಡಗಿದರು. ಗಗನಸಖಿ ಓಡಿ ಬಂದು ಎರಡು ಹೊಸ ಚೀಲ ಕೊಟ್ಟು, ಹರಿಯಬೇಡಿ, ಹಾಗೇ ಮುಳುಗಿಸಿ ಎಂದು ಮಾಡಿ ತೋರಿಸಿದಳು.

"ಚೀಲದ್ ಸಮೇತ ಬೇಯ್ಸೋದಾ?" ಎಂದರು ಅಕ್ಕ. "ಸೋಮಾರಿಗಳು!"

ನನಗೆ ಮಾತ್ರ ನಾಚಿಕೆಯಾಯಿತು. ಹೊರದೇಶಕ್ಕೆ ಹೋಗುವವಳು ನೋಡಿ ಕಲಿಯಬೇಕು, ಇನ್ನು ಮುಂದೆ ಕೈ ಹಾಕುವ ಮೊದಲು ಯೋಚಿಸಬೇಕು ಎಂದು ತೀರ್ಮಾನಿಸಿದೆ. ಆ ತೀರ್ಮಾನವೇ ಮುಂದೆ ನನ್ನನ್ನು ಕೆಡಿಸಿದ್ದು.

ಬೆಟ್ಟದೂರಿನ ಮನೆ

ನಮ್ಮ ತಂಡವನ್ನು ಇಬ್ಬಿಬ್ಬರಂತೆ ಬೇರೆ ಬೇರೆ ಬೆಳೆಗಾರರ ಮನೆಗೆ ಬಿಟ್ಟರು. ನನಗೂ ಅಕ್ಕನಿಗೂ ಸಿಕ್ಕಿದ ಮನೆಯಲ್ಲಿ ಎಪ್ಪತ್ತು ದಾಟಿದ ಅಜ್ಜಿ, ಅವರ ಮಗ, ಸೊಸೆ ಯೋಶಿಕೊ. ಮಗ ದಿನಾ ಬೆಳಿಗ್ಗೆ ಪಟ್ಟಣದ ಕಾರ್ಖಾನೆಗೆ ಹೋಗಿಬಿಡುತ್ತಿದ್ದ. ವಾರಕ್ಕೆರಡು ಸಲ ದುಭಾಷಿ ಹುಡುಗಿಯೊಬ್ಬಳು ಬರುತ್ತಿದ್ದಳು. ಅವಳು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಅಕ್ಕನಿಗೆ ಕನ್ನಡದಲ್ಲಿ ಹೇಳುತ್ತಿದ್ದೆ, ಅಕ್ಕ ಅದಕ್ಕೆ ತೆಲುಗಿನಲ್ಲಿ ಉದ್ಗಾರ ತೆಗೆಯುತ್ತಿದ್ದರು. ಉಳಿದ ದಿನ ಎಲ್ಲವೂ ಕೈಸನ್ನೆ.

ಮರದ ಮನೆ. ಮೇಲೆ ಮಾಲೂರಿನ ಹೆಂಚಿನಷ್ಟೇ ಒತ್ತಾಗಿ ಹೊದಿಸಿದ ಹೆಂಚು, ಬಣ್ಣ ಮಾತ್ರ ಇದ್ದಿಲಿನ ಹಾಗೆ. ಮೊದಲ ದಿನವೇ ಅಕ್ಕ ಒಂದು ಕೆಲಸ ಮಾಡಿದರು. ಬಚ್ಚಲಿನಲ್ಲಿ ಮರದ ತೊಟ್ಟಿ ತುಂಬ ಬಿಸಿನೀರು ಇತ್ತು. ಎಷ್ಟು ಒಳ್ಳೆಯ ಜನ, ನಮಗಾಗಿ ಇಷ್ಟು ನೀರು ಕಾಯಿಸಿದ್ದಾರೆ ಎಂದು ಸಂತೋಷಪಟ್ಟು ತಮ್ಮ ಕೆಂಪು ಸೀರೆಯನ್ನು ಅದರಲ್ಲಿ ನೆನೆಹಾಕಿದರು. ಮನೆಯವರೆಲ್ಲ ಸರದಿಯಂತೆ ಇಳಿದು ಕೂರುವ ನೀರು ಅದು ಎಂದು ನಮಗೇನು ಗೊತ್ತು? ಸೀರೆ ಬಣ್ಣ ಬಿಟ್ಟು ತೊಟ್ಟಿ ಓಕುಳಿಯಾಗಿತ್ತು. ಯೋಶಿಕೊ ಬಾಯಿಗೆ ಕೈ ಇಟ್ಟುಕೊಂಡಳು. ಅಜ್ಜಿ ಬಂದು ನೋಡಿ, ಬೆರಳು ಅದ್ದಿ ಬಣ್ಣ ನೋಡಿ, ನೆಲಕ್ಕೆ ಕೂತು ನಕ್ಕರು. ಅಂದಿನಿಂದ ಅಜ್ಜಿಗೂ ಅಕ್ಕನಿಗೂ ಬಲು ಸ್ನೇಹವಾಯಿತು.

ಹುಳು ಇದ್ದದ್ದು ಅಟ್ಟದಲ್ಲಿ. ಅಡಿಗೆಮನೆಯ ನೆತ್ತಿಯ ಮೇಲೇ ಅಟ್ಟ. ಅದರ ನೆಲ ಬಿದಿರ ದಬ್ಬೆಗಳದು, ನಡುವೆ ಬೆರಳು ತೂರುವಷ್ಟು ಸಂದಿ. ಕೆಳಗಿನ ಒಲೆಯ ಬಿಸಿ ಮೇಲೆ ಹೋಗಿ ಹುಳುವಿಗೆ ಬೆಚ್ಚಗಿರಲಿ ಎಂದು ಹಿಂದಿನವರು ಕಟ್ಟಿದ ರೀತಿ. ಏಣಿಯಂಥ ಮೆಟ್ಟಿಲು ಹತ್ತಿ ಹೋದರೆ ಸಾಲು ಸಾಲು ತಟ್ಟೆ, ತಟ್ಟೆ ತುಂಬ ಹುಳು. ನಮ್ಮ ಹಾಗೆ ಎಲೆ ಬಿಡಿಸಿ ಹಾಕುವುದಿಲ್ಲ, ಕೊಂಬೆಯನ್ನೇ ಕಡಿದು ಹಾಸುತ್ತಾರೆ. ಹುಳು ತಿನ್ನುವಾಗ ನೂರು ಹೆಂಗಸರು ಒಟ್ಟಿಗೆ ಕೂತು ಸೊಪ್ಪು ಸೋಸುತ್ತಿರುವಂಥ ಸದ್ದು ಬರುತ್ತದೆ. ಆ ಸದ್ದು ಮಾತ್ರ ನಮ್ಮ ಮನೆಯದೇ. ಅದನ್ನು ಕೇಳಿದ ಮೇಲೆ ನನಗೆ ಊರಿನ ನೆನಪು ಕಡಿಮೆಯಾಯಿತು.

ನೇಮವೂ ಒಂದೇ. ಕೈಕಾಲು ತೊಳೆದೇ ಹತ್ತಬೇಕು. ಬೀಡಿ ಸಿಗರೇಟು ಹತ್ತಿರ ಸುಳಿಯಬಾರದು. ನಾಲ್ಕನೇ ಜ್ವರ ಎದ್ದ ಮೇಲೆ, ಎಂದರೆ ಗೂಡು ಕಟ್ಟುವ ಮೊದಲಿನ ಕೊನೆಯ ವಾರ, ಹೊಗೆ, ಘಾಟು, ನಾತ ಏನೂ ತಾಗಬಾರದು. ನಮ್ಮ ಮನೆಯಲ್ಲಿ ಆ ವಾರ ಮೆಣಸಿನಕಾಯಿ ಒಗ್ಗರಣೆಯೇ ಇಲ್ಲ, ಯಜಮಾನರು ಎಷ್ಟು ಮುಖ ಗಂಟಿಕ್ಕಿದರೂ ಸಪ್ಪೆ ಸಾರೇ. ಅಜ್ಜಿಯ ಮನೆಯಲ್ಲಿ ಆ ವಾರ ಮೀನು ಸುಡುವುದಿಲ್ಲ. ಇದನ್ನು ಅಜ್ಜಿ ಮೂಗು ಮುಚ್ಚಿ ತೋರಿಸಿದರು, ಅಕ್ಕ ಕೆಮ್ಮಿ ತೋರಿಸಿದರು, ಇಬ್ಬರೂ ತಲೆಯಾಡಿಸಿದರು.

ದುಭಾಷಿ ಹುಡುಗಿ ಒಂದು ಮಾತು ಹೇಳಿದಳು. ಇದು ಅಜ್ಜಿಯ ಕೊನೆಯ ಬೆಳೆಯಂತೆ. ಊರಲ್ಲಿ ಹುಳು ಸಾಕುವವರೇ ಕಡಿಮೆಯಾಗಿದ್ದಾರೆ, ತಾಯಿಗೆ ವಯಸ್ಸಾಯಿತು, ಮೆಟ್ಟಿಲು ಹತ್ತಿ ಬಿದ್ದಾರು, ಇಷ್ಟಕ್ಕೇ ನಿಲ್ಲಿಸಿ ಎಂದು ಮಗ ಹೇಳಿಬಿಟ್ಟಿದ್ದಾನೆ. ಅಜ್ಜಿ ಕಾಡಿಬೇಡಿ ಇದೊಂದು ಬೆಳೆಗೆ ಒಪ್ಪಿಸಿದ್ದಾರೆ. ಮದುವೆಯಾಗಿ ಬಂದ ದಿನದಿಂದ ಒಂದು ವರ್ಷವೂ ಬಿಡದೆ ಸಾಕಿದವರು.

ಅಕ್ಕ ಅದನ್ನು ಕೇಳಿ ತಲೆ ಎತ್ತಿ ಅಟ್ಟದ ಕಡೆ ನೋಡಿದರು. ಆಮೇಲೆ, "ಹಂಗಾರೆ ಈ ಬೆಳೆ ಚೆನ್ನಾಗಿ ಬರಬೇಕು" ಎಂದರು.

ಬೆಳ್ಳಿ ಬಣ್ಣದ ಚೀಲ

ಒಂದು ಮಧ್ಯಾಹ್ನ ಯೋಶಿಕೊ ಕುದಿಯುವ ನೀರಿಗೆ ಬೆಳ್ಳಿ ಬಣ್ಣದ ಒಂದು ಚಪ್ಪಟೆ ಚೀಲವನ್ನು ಹಾಗೇ ಹಾಕಿಬಿಟ್ಟಳು. ಅವಸರದಲ್ಲಿ ಮರೆತಳೆಂದು ನಾನು ಹಾರಿ ಹೋಗಿ ಇಕ್ಕಳ ಹಾಕಿ ಚೀಲವನ್ನು ಎತ್ತಿದೆ. ಅವಳು "ನೋ, ನೋ" ಎಂದು ಅದನ್ನು ಮತ್ತೆ ನೀರಿಗೆ ಬಿಟ್ಟಳು. ನಾನು ಮತ್ತೆ ಎತ್ತಿದೆ. ಆಕೆ ಮತ್ತೆ ಬಿಟ್ಟಳು. ಕೊನೆಗೆ ನನ್ನ ಎರಡೂ ಕೈಗಳನ್ನು ಹಿಡಿದುಕೊಂಡು, ನೀರನ್ನು ತೋರಿಸಿ, ಚೀಲವನ್ನು ತೋರಿಸಿ, ಬಿಚ್ಚಬಾರದು ಎಂದು ತಲೆಯಾಡಿಸಿದಳು. ಸ್ವಲ್ಪ ಹೊತ್ತಿಗೆ ಚೀಲ ಕತ್ತರಿಸಿ ಅನ್ನದ ಮೇಲೆ ಸುರಿದರೆ ಬಿಸಿಬಿಸಿ ತರಕಾರಿ ಗೊಜ್ಜು!

"ನೋಡಕ್ಕಾ, ಇಲ್ಲಿ ಎಲ್ಲಾ ಚೀಲದ ಸಮೇತಾನೇ" ಎಂದೆ. ಟೀ ಒಂದಾಯಿತು, ಇದು ಎರಡಾಯಿತು. ಮಾರನೆಯ ದಿನ ಅಜ್ಜಿ ಅಕ್ಕಿ ಹಿಟ್ಟಿನ ಸಿಹಿ ಕಡುಬನ್ನು ಯಾವುದೋ ಮರದ ಎಲೆಯಲ್ಲಿ ಸುತ್ತಿ ಹಾಗೇ ಬೇಯಿಸಿ ಕೊಟ್ಟರು, ಮೂರಾಯಿತು. ಈ ದೇಶದ ಅಡಿಗೆಯ ಗುಟ್ಟು ನನ್ನ ಕೈಗೆ ಸಿಕ್ಕಿತೆಂದೇ ನಂಬಿದೆ. ಊರಿಗೆ ಹೋದ ಮೇಲೆ ಮಹಿಳಾ ಸಮಾಜದಲ್ಲಿ ಭಾಷಣ ಮಾಡುವಾಗ ಹೇಳಬೇಕೆಂದು ನೋಟ್‌ಬುಕ್ಕಿನಲ್ಲಿ ಬರೆದೂ ಇಟ್ಟುಕೊಂಡೆ.

ಏಳನೆಯ ದಿನ

ನಾಲ್ಕನೇ ಜ್ವರ ಎದ್ದು ಏಳನೆಯ ದಿನ. ಇನ್ನೊಂದು ದಿನ ಕಳೆದರೆ ಹುಳು ಹಣ್ಣಾಗಿ ಗೂಡು ಕಟ್ಟಲು ಹೊರಡುತ್ತವೆ. ಆ ದಿನ ಅವುಗಳ ಹಸಿವೆಂದರೆ ಹಾಕಿದ ಸೊಪ್ಪು ಹಾಕುತ್ತಿದ್ದ ಹಾಗೇ ಮಾಯ. ಬೆಳಿಗ್ಗೆಯೇ ಯೋಶಿಕೊ ಕೊಂಬೆ ಕಡಿಯಲು ತೋಟಕ್ಕೆ ಹೋದಳು. ಅಜ್ಜಿಯೂ ಅಕ್ಕನೂ ಅಟ್ಟ ಹತ್ತಿದರು. ಎಲ್ಲರೂ ದುಡಿಯುತ್ತಿದ್ದಾರೆ, ಇವತ್ತಿನ ಅಡಿಗೆ ನನ್ನದು, ಕೋಲಾರದ ಕಡೆಯ ಊಟ ಇವರಿಗೂ ರುಚಿ ತೋರಿಸೋಣ ಎಂದು ನಾನು ಸೆರಗು ಬಿಗಿದೆ.

ಮುದ್ದೆ ಮಾಡಿದೆ. ಒಗ್ಗರಣೆಯಿಲ್ಲದ ಸೊಪ್ಪಿನ ಸಾರು ಮಾಡಿದೆ. ಏನಾದರೂ ಸಿಹಿ ಬೇಕಲ್ಲ ಎಂದು ಫ್ರಿಜ್ಜಿನ ಬಾಗಿಲು ತೆಗೆದರೆ ಚೌಕನೆಯ ಒಂದು ಪ್ಲಾಸ್ಟಿಕ್ ಡಬ್ಬಿ. ಮೇಲೆ ತೆಳ್ಳನೆಯ ಹಾಳೆ ಅಂಟಿಸಿ ಬಾಯಿ ಮುಚ್ಚಿದೆ. ಒಳಗೆ ಬೆಳ್ಳಗಿನ ಗಟ್ಟಿ, ಸುತ್ತ ಸ್ವಲ್ಪ ನೀರು. ಅಲ್ಲಾಡಿಸಿದೆ, ಗದಗುಟ್ಟಿತು.

ಗಿಣ್ಣು! ಎಂದುಕೊಂಡೆ.

ಹಸು ಕರು ಹಾಕಿದಾಗ ಮೊದಲೆರಡು ದಿನದ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ, ಡಬ್ಬಿಗೆ ಸುರಿದು ಮುಚ್ಚಳ ಬಿಗಿದು, ನೀರಿನ ಪಾತ್ರೆಯೊಳಗೆ ಇಟ್ಟು ಬೇಯಿಸುತ್ತೇವೆ. ಚೆನ್ನಾಗಿ ಬೆಂದರೆ ಕತ್ತರಿಸಬಹುದು, ಬೇಯದಿದ್ದರೆ ಹೀಗೇ ಗದಗುಟ್ಟುತ್ತದೆ, ನೀರು ಬಿಟ್ಟುಕೊಳ್ಳುತ್ತದೆ. ನಮ್ಮ ಮನೆಯಲ್ಲಿ ಡಬ್ಬಿ ಸಮೇತ ಬೇಯುವ ತಿಂಡಿ ಅದೊಂದೇ. ಇಲ್ಲಿಯವರು ಅರ್ಧ ಬೇಯಿಸಿ ಡಬ್ಬಿಯಲ್ಲಿಟ್ಟು ಮಾರುತ್ತಾರೆ, ಉಳಿದರ್ಧ ಮನೆಯಲ್ಲಿ ಬೇಯಿಸಿಕೊಳ್ಳಬೇಕು ಎಂದು ಲೆಕ್ಕ ಹಾಕಿದೆ. ಬಿಚ್ಚಬಾರದು ಎಂಬ ಪಾಠವಂತೂ ಆಗಿತ್ತು. ಊರಿನಲ್ಲಿ ಮಾಡುವ ಹಾಗೆ ಪಾತ್ರೆಗೆ ಒಂದು ಲೋಟ ನೀರು ಹಾಕಿ, ಡಬ್ಬಿಯನ್ನು ನಡುವೆ ಕೂರಿಸಿ, ಮೇಲೊಂದು ತಟ್ಟೆ ಮುಚ್ಚಿ ಒಲೆ ಹಚ್ಚಿದೆ.

ನಮ್ಮೂರಲ್ಲಿ ಹಿಪ್ಪುನೇರಳೆ ಕಡ್ಡಿಯ ಉರಿಗೆ ಒಂದು ಲೋಟ ನೀರು ಅರ್ಧ ಗಂಟೆ ತಡೆಯುತ್ತದೆ. ಇಲ್ಲಿ ಗ್ಯಾಸು. ಅದು ನನ್ನ ಲೆಕ್ಕದಲ್ಲಿ ಇರಲಿಲ್ಲ.

ಅಷ್ಟರಲ್ಲಿ ಮೇಲಿಂದ ಅಕ್ಕ ಕೂಗಿದರು. "ಸರೋಜಾ, ಬಾರೇ! ಇವು ನನ್ನೇ ತಿನ್ನೋ ಹಂಗವೆ! ಕೈ ಸಾಲ್ತಿಲ್ಲ!"

ಐದು ನಿಮಿಷಕ್ಕೆ ಬಂದೇನೆಂದು ಕೈಕಾಲು ತೊಳೆದು ಹತ್ತಿದೆ. ಒಂದು ಸಾಲಿಗೆ ಸೊಪ್ಪು ಹಾಕಿ ಮುಗಿಸುವಷ್ಟರಲ್ಲಿ ಮೊದಲ ತಟ್ಟೆ ಖಾಲಿ. ಹುಳು ದುಂಡುದುಂಡಾಗಿದ್ದವು. ಅಜ್ಜಿ ಒಂದನ್ನು ಎತ್ತಿ ಬೆಳಕಿಗೆ ಹಿಡಿದು ತೋರಿಸಿದರು, ಕುತ್ತಿಗೆಯ ಹತ್ತಿರ ಆಗಲೇ ದ್ರಾಕ್ಷಿಯ ಹಾಗೆ ಹೊಳೆಯುತ್ತಿತ್ತು. ಗಿಣ್ಣಿನ ವಿಷಯ ನನ್ನ ತಲೆಯಿಂದ ಹಾರಿಹೋಯಿತು.

ಕೆಳಗೆ 'ಡಬ್' ಎಂದಿತು. ಬೆಕ್ಕು ಏನೋ ಬೀಳಿಸಿರಬೇಕು ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಅಕ್ಕ ತಲೆ ಎತ್ತಿ ಮೂಗರಳಿಸಿದರು.

"ಏನೇ ಅದು ನಾತ?"

ಕಾಲ ಕೆಳಗಿನ ದಬ್ಬೆಯ ಸಂದಿಯಿಂದ ಕಪ್ಪು ಹೊಗೆ ಎಳೆ ಎಳೆಯಾಗಿ ಏಳುತ್ತಿತ್ತು.

"ಅಯ್ಯೋ ದೇವುಡಾ! ಏಮೇ ಸರೋಜಾ, ಒಲೆ ಮೇಲೆ ಏನಿಟ್ಟಿದ್ದೀಯೇ?"

"ಗಿಣ್ಣು!" ಎಂದೆ. ನನ್ನ ಜೀವಮಾನದಲ್ಲಿ ಅಷ್ಟು ನಾಚಿಕೆಗೇಡಿನ ಉತ್ತರವನ್ನು ಇನ್ನೊಂದು ಕೊಟ್ಟಿಲ್ಲ.

ನಾನು ಇಳಿದೆನೋ ಬಿದ್ದೆನೋ ಗೊತ್ತಿಲ್ಲ. ನೀರು ಇಂಗಿಹೋಗಿ ಡಬ್ಬಿ ಕರಗಿ ಪಾತ್ರೆಯ ತಳಕ್ಕೆ ಹಿಡಿದು ಉರಿಯುತ್ತಿತ್ತು. ಒಲೆ ಆರಿಸಿ, ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ಅಂಗಳದ ಚರಂಡಿಗೆ ಎಸೆದೆ. ತಿರುಗಿ ನೋಡಿದರೆ ಅಡಿಗೆಮನೆ ತುಂಬ ಹೊಗೆ. ಅದೆಲ್ಲ ನಿಧಾನವಾಗಿ, ಹಿಂದಿನವರು ಕಟ್ಟಿದ ಸಂದಿಗಳಿಂದ, ನೆಟ್ಟಗೆ ಹುಳುವಿನ ಕಡೆಗೆ ಹೋಗುತ್ತಿತ್ತು.

ಮೇಲೆ ಅಜ್ಜಿ ಒಂದು ಕಡೆಯಿಂದ ಕಿಟಕಿ ತೆಗೆಯುತ್ತ ಬರುತ್ತಿದ್ದರು. ಅಕ್ಕ ಗೋಣಿಚೀಲಗಳನ್ನು ನೀರಲ್ಲಿ ಅದ್ದಿ ದಬ್ಬೆಯ ಮೇಲೆ ಹಾಸಿದರು. "ಹೊಗೆ ಕುಡಿದ ಸೊಪ್ಪೆಲ್ಲ ತೆಗೀ! ಒಂದೆಲೆನೂ ಬಿಡಬ್ಯಾಡ!" ಎಂದು ನನಗೆ ಆಜ್ಞೆಯಾಯಿತು. ಅಜ್ಜಿ ಮೊರ ಹಿಡಿದು ಗಾಳಿ ಬೀಸತೊಡಗಿದರು. ಅಜ್ಜಿಗೆ ನಮ್ಮ ಭಾಷೆ ಬಾರದು, ನಮಗೆ ಅಜ್ಜಿಯದು ಬಾರದು, ಆದರೂ ಯಾರೂ ಯಾರನ್ನೂ ಏನೂ ಕೇಳಲಿಲ್ಲ. ಅರ್ಧ ಗಂಟೆಯಲ್ಲಿ ಗಾಳಿ ತಿಳಿಯಾಯಿತು.

ಆದರೆ ಹುಳು ತಿನ್ನುವುದನ್ನು ನಿಲ್ಲಿಸಿದ್ದವು. ಎಲ್ಲ ತಟ್ಟೆಯಲ್ಲೂ ತಲೆ ಮೇಲೆತ್ತಿ ಸುಮ್ಮನಿದ್ದವು. ಬೆಳಿಗ್ಗೆಯಿಂದ ಇದ್ದ ಆ ಸದ್ದು ಪೂರ್ತಿ ನಿಂತುಹೋಗಿತ್ತು.

ಮೆಟ್ಟಿಲ ಮೇಲೆ

ಯೋಶಿಕೊ ಕೊಂಬೆಯ ಹೊರೆ ತಂದು ಇಳಿಸಿದಳು. ಚರಂಡಿಯಲ್ಲಿದ್ದ ಪಾತ್ರೆ ನೋಡಿದಳು, ನಮ್ಮ ಮುಖ ನೋಡಿದಳು. ಅವಳ ಮುಖದ ಬಣ್ಣ ಹೋಯಿತು. ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವಳು ಒದ್ದೆ ಬಟ್ಟೆಯಲ್ಲಿ ಕೊಂಬೆ ಒರೆಸಿ ಮೇಲಕ್ಕೆ ಕೊಡತೊಡಗಿದಳು. ಹೊಸ ಸೊಪ್ಪು ಹಾಸಿದೆವು. ಹುಳು ಮುಟ್ಟಲಿಲ್ಲ.

ಇನ್ನು ಮಾಡುವುದೇನೂ ಇರಲಿಲ್ಲ. ನಾಲ್ವರೂ ಆ ಏಣಿಮೆಟ್ಟಿಲ ಮೇಲೆ ಒಬ್ಬರ ಕೆಳಗೊಬ್ಬರು ಕೂತೆವು. ನನಗೆ ಅಳು ತಡೆಯಲಾಗಲಿಲ್ಲ. ಒಬ್ಬ ಮುದುಕಿ ಜೀವಮಾನವೆಲ್ಲ ಸಾಕಿ, ಕೊನೆಗೊಂದು ಬೆಳೆ ಬೇಡಿಕೊಂಡರೆ, ಅದನ್ನು ಹಾಳು ಮಾಡಲು ನಾನು ಸಮುದ್ರ ದಾಟಿ ಬಂದೆನಲ್ಲ ಎನ್ನಿಸಿತು.

"ನೀನು ಅತ್ತರೆ ಅವು ತಿಂತವಾ?" ಎಂದರು ಅಕ್ಕ. "ಪೋನೀಲೇ, ಹೋಗ್ಲಿ ಬಿಡು, ಕಣ್ಣೊರೆಸ್ಕೊ. ಹುಳ ಸಾಯೋ ಹಂಗಿದ್ರೆ ಬಾಯಲ್ಲಿ ಹಸಿರು ಕಕ್ಕೋವು. ಕಕ್ಕಿಲ್ಲ. ಕೋಪ ಮಾಡ್ಕಂಡವೆ ಅಷ್ಟೇ."

"ಎಷ್ಟೊತ್ತು ಕೋಪ ಅಕ್ಕಾ?"

"ನಿನ್ನತ್ತೆ ಎಷ್ಟೊತ್ತು ಮಾಡ್ಕೋತಾಳೆ?"

"ಎರಡು ದಿನ."

"ಇವು ಅಷ್ಟು ಕೆಟ್ಟವಲ್ಲ ಬಿಡು."

ಸುದ್ದಿ ತಿಳಿದು ದುಭಾಷಿ ಹುಡುಗಿ ಬಂದಳು. ಸುಳ್ಳು ಸೇರಿಸದೆ ಎಲ್ಲವನ್ನೂ ಹೇಳು ಎಂದೆ. ಟೀ ಚೀಲ, ಬೆಳ್ಳಿ ಚೀಲ, ಎಲೆ ಸುತ್ತಿದ ಕಡುಬು, ಗಿಣ್ಣು. ಅವಳು ಹೇಳುತ್ತಾ ಹೋದ ಹಾಗೆ ಯೋಶಿಕೊ ತಲೆ ತಗ್ಗಿಸಿದಳು, ಭುಜ ಅಲುಗತೊಡಗಿತು. ಅಳುತ್ತಿದ್ದಾಳೆಂದು ಗಾಬರಿಯಾದೆ. ನಗುತ್ತಿದ್ದಳು. ಆ ಡಬ್ಬಿಯಲ್ಲಿ ಇದ್ದದ್ದು ಹಾಲೇ ಅಲ್ಲವಂತೆ. ಸೋಯಾ ಕಾಳು ರುಬ್ಬಿ ಹೆಪ್ಪು ಹಾಕಿದ ಗಟ್ಟಿ. ಹಾಗೇ ಹಸಿಯಾಗಿ ತಿನ್ನಬಹುದಿತ್ತು. ಬೇಯಿಸುವ ಅಗತ್ಯವೇ ಇರಲಿಲ್ಲ.

ಅಜ್ಜಿ ಮಾತ್ರ ನಗಲಿಲ್ಲ. ಮೇಲಿನ ಕಡೆಗೇ ಕಿವಿಯಿಟ್ಟುಕೊಂಡು ಏನೋ ಹೇಳಿದರು. ಹುಡುಗಿ ತಿಳಿಸಿದಳು. ಅಜ್ಜಿ ಹೊಸ ಸೊಸೆಯಾಗಿ ಬಂದ ವರ್ಷ, ಇದೇ ಕೊನೆಯ ವಾರದಲ್ಲಿ, ಇದೇ ಜಾಗದಲ್ಲಿ ಒಣಮೀನು ಸುಟ್ಟು ಅತ್ತೆಯ ಹುಳುವನ್ನು ಕೆಡಿಸಿದ್ದರಂತೆ.

"ಅತ್ತೆ ಏನಂದರು?" ಎಂದು ಹುಡುಗಿಯ ಕೈಲಿ ಕೇಳಿಸಿದೆ.

ಮೂರು ದಿನ ಮಾತಾಡಲಿಲ್ಲವಂತೆ. ನಾನೂ ಈಕೆಯ ಜೊತೆ ಮೂರು ದಿನ ಮಾತಾಡುವುದಿಲ್ಲ ಎಂದು ಅಜ್ಜಿ ನನ್ನ ಕಡೆ ಬೆರಳು ತೋರಿಸಿದರು. ನಮ್ಮಿಬ್ಬರಿಗೂ ಬರುವ ಮಾತು ಒಂದೂ ಇರಲಿಲ್ಲ ಎಂಬುದು ಎಲ್ಲರಿಗೂ ಒಟ್ಟಿಗೇ ಹೊಳೆದು ಮೆಟ್ಟಿಲು ಅಲ್ಲಾಡುವಷ್ಟು ನಕ್ಕೆವು.

ಆರಿ ಕಲ್ಲಾಗಿದ್ದ ಮುದ್ದೆಯನ್ನು ಅಲ್ಲೇ ಕೂತು ತಿಂದೆವು. ಅಗಿಯಬಾರದು, ನುಂಗಬೇಕು ಎಂದು ಅಕ್ಕ ತೋರಿಸಿಕೊಟ್ಟರು. ಅಜ್ಜಿ ಕಣ್ಣು ಮುಚ್ಚಿ ಒಂದು ತುತ್ತು ನುಂಗಿ, ಎದೆ ಮೇಲೆ ಕೈಯಿಟ್ಟು ಅದು ಇಳಿದುಹೋಗುವುದನ್ನು ಗಮನವಿಟ್ಟು ನೋಡಿಕೊಂಡರು. ಎರಡನೆಯ ತುತ್ತಿಗೆ ಕೈ ಚಾಚಿದವರು ಹಾಗೇ ನಿಂತರು.

ಮೇಲೆ ಎಲ್ಲೋ ಒಂದು ಮೂಲೆಯಲ್ಲಿ, ಒಬ್ಬಳೇ ಹೆಂಗಸು ಸೊಪ್ಪು ಸೋಸಲು ಕೂತಳು. ಸ್ವಲ್ಪ ಹೊತ್ತಿಗೆ ಇನ್ನೊಬ್ಬಳು ಬಂದು ಕೂತಳು. ಆಮೇಲೆ ಹತ್ತಾರು ಜನ. ಹುಳು ಮತ್ತೆ ತಿನ್ನತೊಡಗಿದ್ದವು.

ಅಜ್ಜಿ ಎಲ್ಲರನ್ನೂ ತಳ್ಳಿಕೊಂಡು ಮೆಟ್ಟಿಲು ಹತ್ತಿದರು. ಮಗ ಕಾರ್ಖಾನೆಯಿಂದ ಬಂದಾಗ ಕಂಡದ್ದು ಅದೇ: ಬಿದ್ದಾರು ಎಂದು ಅವನು ಹೆದರುತ್ತಿದ್ದ ತಾಯಿ, ಕಂಕುಳಲ್ಲಿ ಕೊಂಬೆಯ ಕಟ್ಟು ಹಿಡಿದು ಅಟ್ಟದಲ್ಲಿ ಓಡಾಡುತ್ತಿದ್ದಾರೆ, ಹಿಂದೆ ಸೀರೆಯುಟ್ಟ ಇಬ್ಬರು ಹೆಂಗಸರು ಓಡುತ್ತಿದ್ದಾರೆ. ಅವನು ಊಟದ ಬುತ್ತಿಯನ್ನು ಕೆಳಗಿಟ್ಟು, ಕೈಕಾಲು ತೊಳೆದು, ತಾನೂ ಹತ್ತಿ ಬಂದ.

ಮೆಟ್ಟಿಲ ಪಕ್ಕದ ಎರಡು ತಟ್ಟೆ ಹುಳು ಹೋದವು. ಅದನ್ನು ನಾನು ಮುಚ್ಚಿಡುವುದಿಲ್ಲ. ಉಳಿದವೆಲ್ಲ ಗೂಡು ಕಟ್ಟಿದವು. ಕರಗಿದ ಡಬ್ಬಿ ಅಂಟಿಕೊಂಡಿದ್ದ ಪಾತ್ರೆಯನ್ನು ನಾನು ಮರಳು ಹಾಕಿ ಎಷ್ಟು ತಿಕ್ಕಿದರೂ ಬಿಡಲಿಲ್ಲ. ಅಜ್ಜಿ ಅದನ್ನು ನನ್ನ ಕೈಯಿಂದ ಕಸಿದುಕೊಂಡು ಅಡಿಗೆಮನೆಯ ಗೋಡೆಗೆ ಮೊಳೆ ಹೊಡೆದು ನೇತುಹಾಕಿದರು.

ಮತ್ತೆ ತಾಯಲೂರು

ಹೊರಡುವ ದಿನ ಯೋಶಿಕೊ ನಮಗೊಂದೊಂದು ಪೆಟ್ಟಿಗೆ ಕೊಟ್ಟಳು. ಊರಿಗೆ ಬಂದು ಬಿಚ್ಚಿದರೆ ಒಳಗೆ ಹತ್ತಾರು ಪೊಟ್ಟಣ. ಒಂದೊಂದರ ಮೇಲೂ ಒಂದು ಚೀಟಿ, ಚೀಟಿಯ ಮೇಲೆ ಅವಳೇ ಬರೆದ ಚಿತ್ರ. ಬಿಚ್ಚಬೇಕಾದದ್ದಕ್ಕೆ ಕತ್ತರಿ, ಹಾಗೇ ಕುದಿಸಬೇಕಾದದ್ದಕ್ಕೆ ಪಾತ್ರೆ. ನಮ್ಮತ್ತೆಗೆ ಈ ಏರ್ಪಾಡು ಬಹಳ ಹಿಡಿಸಿತು. ಪೊಟ್ಟಣ ಕಟ್ಟಿದ ದಾರವೆಲ್ಲ ಅವರ ಉಂಡೆ ಸೇರಿತು.

ಅಲ್ಲಿನ ಹುಳು ಹೀಗೆ, ಗೂಡು ಹೀಗೆ ಎಂದು ವಿವರಿಸಲು ಮಹಿಳಾ ಸಮಾಜದಲ್ಲಿ ಎದ್ದು ನಿಂತೆ. ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದ ಅಡಿಗೆಯ ಗುಟ್ಟಿನ ಪುಟವನ್ನು ಮಾತ್ರ ಮೊದಲೇ ಹರಿದುಹಾಕಿದ್ದೆ.

ಮುಂದಿನ ವರ್ಷ ಒಂದು ಕಾಗದ ಬಂತು. ಒಳಗೆ ಒಂದು ಫೋಟೋ, ಜೊತೆಗೆ ದುಭಾಷಿ ಹುಡುಗಿ ಇಂಗ್ಲಿಷಿನಲ್ಲಿ ಬರೆದ ನಾಲ್ಕು ಸಾಲು. ಅಟ್ಟದ ಮೆಟ್ಟಿಲಿಗೆ ಮಗ ಹಿಡಿಕೆ ಹಾಕಿಸಿದ್ದಾನಂತೆ. ಈ ವರ್ಷವೂ ಹುಳು ಬಂದಿವೆಯಂತೆ. ಫೋಟೋದಲ್ಲಿ ಅಜ್ಜಿ ತುಂಬಿದ ತಟ್ಟೆಯನ್ನು ಎದೆಗೆ ಆನಿಸಿಕೊಂಡು ಅಡಿಗೆಮನೆಯಲ್ಲಿ ನಿಂತಿದ್ದಾರೆ. ಹಿಂದೆ ಗೋಡೆಯ ಮೇಲೆ ನನ್ನ ಪಾತ್ರೆ.

ಆ ಭಾನುವಾರವೇ ಬಸ್ಸು ಹತ್ತಿ ವೇಮಗಲ್ ಕಡೆಗೆ ಹೋದೆ. ಅಕ್ಕ ಸೆರಗಿನಿಂದ ಫೋಟೋ ಒರೆಸಿ, ಅಂಗಳದ ಬಿಸಿಲಿಗೆ ಹಿಡಿದು ನೋಡಿದರು. ಅಜ್ಜಿಯನ್ನು ನೋಡಲಿಲ್ಲ, ಪಾತ್ರೆಯನ್ನೂ ನೋಡಲಿಲ್ಲ. ಅವರ ಕಣ್ಣೆಲ್ಲ ತಟ್ಟೆಯೊಳಗಿತ್ತು.

"ನಾಲ್ಕನೇ ಜ್ವರ ಎದ್ದೈತೆ" ಎಂದರು. "ಲೇ ಸರೋಜಾ, ಬೇಗ ಕಾಗ್ದ ಬರಿಯೇ. ಒಗ್ಗರಣೆ ಹಾಕಬ್ಯಾಡ ಅಂತ ಹೇಳು."

ಕಾಗದ ತಲುಪುವಷ್ಟರಲ್ಲಿ ಗೂಡು ಬಿಡಿಸಿ ಆಗಿರುತ್ತದೆ ಎಂದು ನನಗೆ ಗೊತ್ತಿತ್ತು, ಅಕ್ಕನಿಗೂ ಗೊತ್ತಿತ್ತು. ಆದರೂ ಅಲ್ಲೇ ಜಗಲಿಯ ಮೇಲೆ ಕೂತು, ಅವರು ಹೇಳಿದ ಹಾಗೇ ಬರೆದೆ.